ಒಂದೇ ತಿಂಗಳಲ್ಲಿ ಕಾದಂಬರಿ ಅಚ್ಚು, ಅತ್ತೆಯವರ ಪೊರೆ ಆಪರೇಷನ್, ಮಗಳ ಪ್ರಿಪರೇಟರಿ: ಯಾವುದನ್ನು ಮೊದಲು ಹಿಡಿಯಲಿ?

ಕೆರೆದಂಡೆ

ಎಲ್ಲರಿಗೂ ನಮಸ್ಕಾರ. ಕಾದಂಬರಿ ಬಿಡುಗಡೆ ಫೆಬ್ರವರಿ ಮೂರನೇ ಭಾನುವಾರ, ಶಿವಮೊಗ್ಗದಲ್ಲಿ ಅಂತ ಮಾತಾಗಿದೆ. ಕೈಯಲ್ಲಿರುವುದು 32 ದಿನ. ಪ್ರಕಾಶನ ನಮ್ಮದೇ. ಡೆಮಿ 1/8 ಅಳತೆ, 500 ಪ್ರತಿ, ಬೆಂಗಳೂರಿನ ಪ್ರೆಸ್ಸಿನಲ್ಲಿ ಆಫ್‌ಸೆಟ್. ಹಳೇ 'ನುಡಿ' ತಂತ್ರಾಂಶದಲ್ಲಿ ಟೈಪ್ ಆಗಿದ್ದನ್ನು ಯೂನಿಕೋಡ್‌ಗೆ ಬದಲಾಯಿಸಿ ಪುಟ ಕಟ್ಟಿಸಿದ್ದಾಗಿದೆ, ಮುನ್ನುಡಿಗೆ ಬಿಟ್ಟ 6 ಪುಟವೂ ಸೇರಿ ಒಟ್ಟು 244 ಪುಟ. ಮೊದಲ ಕರಡು (ಪ್ರೂಫ್) ಇನ್ನೂ ಓದಿಲ್ಲ. ಮುಖಪುಟದ ಚಿತ್ರ ಬಂದಿದೆ, ಮುನ್ನುಡಿ ಬಂದಿಲ್ಲ. ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆಗೆ) ಅರ್ಜಿ ಹಾಕಿಲ್ಲ.

ಮನೆ ಕಡೆ ಹೀಗಿದೆ: ಅತ್ತೆಯವರ ಬಲಗಣ್ಣಿನ ಪೊರೆ ಆಪರೇಷನ್‌ಗೆ ಜನವರಿ ಕೊನೇ ವಾರ ಅಥವಾ ಫೆಬ್ರವರಿ ಎರಡನೇ ವಾರ, ಎರಡರಲ್ಲಿ ಒಂದನ್ನು ನಾವೇ ಆರಿಸಬಹುದು. ಮಗಳಿಗೆ ಎಸ್ಸೆಸ್ಸೆಲ್ಸಿ ಪ್ರಿಪರೇಟರಿ. ಯಜಮಾನರು ವಾರಕ್ಕೆ ಐದು ದಿನ ಊರಲ್ಲಿರುವುದಿಲ್ಲ. ನನಗೆ ಸಿಗುವುದು ಬೆಳಗ್ಗೆ ಒಂದು ಗಂಟೆ, ರಾತ್ರಿ ಒಂದು ಗಂಟೆ.

244 ಪುಟ ಅಂದರೆ ಪ್ರೆಸ್ಸಿನವರು ಮುಖ ಸಿಂಡರಿಸುತ್ತಾರೆ, ಯಾಕೆ? ದಿನಕ್ಕೆ ಎರಡು ಗಂಟೆಯಲ್ಲಿ ಕರಡು ಮುಗಿಯುತ್ತದೆಯೇ? ಆಪರೇಷನ್ ಯಾವ ವಾರಕ್ಕೆ ಇಟ್ಟುಕೊಳ್ಳಲಿ? ಬಲ್ಲವರು ತಿಳಿಸಿ.

ಫಾರಂ ಹದಿನಾರು

ಮೇಡಂ, ಮೊದಲು ಹಿಂದಿನಿಂದ ಮುಂದಕ್ಕೆ ಎಣಿಸಿ. ಪುಸ್ತಕ ಬಿಡುಗಡೆಗೆ 7 ದಿನ ಮೊದಲು ಮನೆಗೆ ಬಂದಿರಬೇಕು. ಸಾಗಣೆಗೆ 2 ದಿನ. ಪ್ಲೇಟು, ಅಚ್ಚು, ಒಣಗುವುದು, ಮಡಚುವುದು, ಜೋಡಿಸುವುದು, ಬೈಂಡಿಂಗ್, ಕಟಿಂಗ್, ಇಷ್ಟಕ್ಕೆ 10 ದಿನ ಅಂತಿಟ್ಟುಕೊಳ್ಳಿ. ಅಲ್ಲಿಗೆ 19 ಹೋಯಿತು. ನಿಮಗೆ ಉಳಿದದ್ದು 13 ದಿನ. ಹದಿಮೂರನೇ ದಿನ ರಾತ್ರಿಯೊಳಗೆ ಕೊನೇ ಪಿಡಿಎಫ್ ಪ್ರೆಸ್ಸಿಗೆ ಹೋಗದಿದ್ದರೆ ಬಿಡುಗಡೆಯನ್ನು ಒಂದು ವಾರ ಮುಂದೂಡಿ. ಅದಕ್ಕೇ ಹೇಳುವುದು, ಪಿಡಿಎಫ್ ಕೈಬಿಡುವವರೆಗೆ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಬೇಡಿ. ಪತ್ರಿಕೆ ಹಂಚಿದ ಮೇಲೆ ಪ್ರೆಸ್ಸಿನವರ ಹತ್ತಿರ ಮಾತಾಡುವ ಬಲ ಹೋಗುತ್ತದೆ. ಶಾಯಿ ಒಣಗುವ ಮೊದಲೇ ಬೈಂಡ್ ಮಾಡಿ ಕೊಡುತ್ತಾರೆ, ಎದುರು ಪುಟಕ್ಕೆ ಮಸಿ ಅಂಟಿರುತ್ತದೆ.

ಈಗ 244ರ ವಿಷಯ. ಡೆಮಿ 1/8ರಲ್ಲಿ ಒಂದು ಫಾರಂ ಅಂದರೆ 16 ಪುಟ. 23×36 ಇಂಚಿನ ದೊಡ್ಡ ಹಾಳೆಯಲ್ಲಿ ಎರಡೂ ಬದಿ ಸೇರಿ 32 ಪುಟ ಕೂರುತ್ತದೆ, ಅಂದರೆ ಎರಡು ಫಾರಂ. ನೆನಪಿಡಲು ಸುಲಭದ ಲೆಕ್ಕ: ಸಾವಿರ ಪ್ರತಿಗೆ ಫಾರಂ ಒಂದಕ್ಕೆ ಒಂದು ರೀಮು (500 ಹಾಳೆ) ಕಾಗದ. ನಿಮ್ಮ 500 ಪ್ರತಿಗೆ ಅರ್ಧ ರೀಮು. 240 ಪುಟವಾದರೆ 15 ಫಾರಂ, ಏಳೂವರೆ ರೀಮು; ಹಾಳಾಗುವುದಕ್ಕೆ ಸೇರಿಸಿದರೆ 8. 244 ಆದರೆ ಆ ನಾಲ್ಕು ಪುಟಕ್ಕೆ ಬೇರೆ ಪ್ಲೇಟು, ಬೇರೆ ಓಟ. ಎರಡೇ ಎಲೆಯ ತುಂಡು ಜೋಡಿಸುವಾಗ ತಪ್ಪುವುದೂ ಹೆಚ್ಚು. ಮುಖ ಸಿಂಡರಿಸುವುದು ಅದಕ್ಕೆ.

ನಾಲ್ಕು ಪುಟ ಇಳಿಸಲು ಅಕ್ಷರ ಚಿಕ್ಕದು ಮಾಡಬೇಡಿ. 12 ಪಾಯಿಂಟ್ ಅಕ್ಷರಕ್ಕೆ 17 ಪಾಯಿಂಟ್ ಸಾಲಿನ ಅಂತರ ಇದ್ದರೆ ಪುಟಕ್ಕೆ ಸುಮಾರು 28 ಸಾಲು. ಅಂತರ 15ಕ್ಕೆ ಇಳಿಸಿದಿರೋ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸು, ಏತ್ವಗಳಿಗೆ ತಾಗುತ್ತದೆ. ಬದಲಿಗೆ ಅಧ್ಯಾಯಗಳ ಕೊನೇ ಪುಟಗಳನ್ನು ನೋಡಿ. ಮೂರು ನಾಲ್ಕು ಸಾಲು ಮಾತ್ರ ನಿಂತ ಪುಟಗಳು ಸಿಕ್ಕೇ ಸಿಗುತ್ತವೆ. ಅದೇ ಅಧ್ಯಾಯದಲ್ಲಿ ಒಂದೆರಡು ಪದ ಮಾತ್ರ ಉಳಿದು ಮುಗಿಯುವ ಪ್ಯಾರಾಗಳನ್ನು ಹುಡುಕಿ, ಒಂದು ಪದ ಕಡಿಮೆ ಮಾಡಿದರೆ ಒಂದು ಸಾಲು ಉಳಿಯುತ್ತದೆ. ಅಧ್ಯಾಯಗಳೆಲ್ಲ ಬಲಪುಟದಲ್ಲೇ ಶುರುವಾಗಬೇಕು ಅಂತ ಹಟ ಹಿಡಿದಿದ್ದರೆ ಅದನ್ನೂ ಬಿಡಿ, ಖಾಲಿ ಎಡಪುಟಗಳು ಹೋಗುತ್ತವೆ.

ಬಾರದ ಮುನ್ನುಡಿಗಾಗಿ ಪುಸ್ತಕವನ್ನೇ ನಿಲ್ಲಿಸುವುದು ನಮ್ಮಲ್ಲಿ ದೊಡ್ಡ ರೋಗ. ಮೊದಲ 8 ಪುಟ (ಅರ್ಧ ಫಾರಂ) ಬೇರೆ ಇಟ್ಟು, ಅದಕ್ಕೆ ಬೇರೆ ಪುಟಸಂಖ್ಯೆ ಕೊಡಿ. ಕತೆ ಪುಟ 1ರಿಂದ ಶುರುವಾಗಲಿ. ಆಗ ಮುನ್ನುಡಿ ತಡವಾದರೂ ಒಳಪುಟಗಳ ಅಂಕಿ ಅಲುಗುವುದಿಲ್ಲ. ಮುನ್ನುಡಿ ಬರೆಯುವವರಿಗೆ 'ಎರಡು ಪುಟ, 450 ಪದ, ಇಂಥ ತಾರೀಕು' ಅಂತ ಈಗಲೇ ತಿಳಿಸಿ. ಅವರು ಆರು ಪುಟ ಕಳಿಸಿದರೆ ನಿಮ್ಮ 'ಲೇಖಕಿಯ ಮಾತು' ಪುಸ್ತಕದ ಕೊನೆಗೆ ಹೋಗಬೇಕಾಗುತ್ತದೆ.

ಮುಖಪುಟದ ಕಲಾವಿದರಿಗೆ ಪುಸ್ತಕದ ಬೆನ್ನಿನ ಅಳತೆ ಬೇಕು. 70 ಜಿಎಸ್‌ಎಂ ಮ್ಯಾಪ್‌ಲಿಥೊ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದದ ಎಲೆ ಒಂದು 0.09 ಮಿ.ಮೀ. ಆಸುಪಾಸು, 120 ಎಲೆಗೆ 10.8, ರಕ್ಷಾಪುಟ ಸೇರಿ ಸುಮಾರು 11.5. ಪೂರ್ತಿ ಕವರಿನ ಅಗಲ 140 + 11.5 + 140, ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಅಂಚು) ಸೇರಿ 297.5, ಎತ್ತರ 222. ಆದರೂ ಪ್ರೆಸ್ಸಿನಲ್ಲಿ ಅದೇ ಲಾಟಿನ 120 ಎಲೆ ಒತ್ತಿ ಹಿಡಿದು ಅಳೆಸಿ. ಒಂದು ಮಿಲಿಮೀಟರ್ ತಪ್ಪಿದರೆ ಬೆನ್ನಿನ ಬಣ್ಣ ಮುಖಪುಟಕ್ಕೆ ಹೊರಳಿ ಬರುತ್ತದೆ. ಬೆನ್ನಿಗೆ ಬೇರೆ ಗಾಢ ಬಣ್ಣ ಬೇಡ, ಚಿತ್ರದ ಬಣ್ಣವೇ ಸುತ್ತಿಕೊಂಡು ಹೋಗಲಿ. ಆ ತಪ್ಪು ಕಾಣುವುದಿಲ್ಲ.

ಅರ್ಕಾವೊತ್ತು

ಮೇಲಿನವರು ಪ್ರೆಸ್ಸಿನ ಲೆಕ್ಕ ಹೇಳಿದ್ದಾರೆ, ನಾನು ಕರಡಿನದು ಹೇಳುತ್ತೇನೆ. ಎಚ್ಚರದಿಂದ ಓದಿದರೆ ಒಂದು ಫಾರಂಗೆ ಒಂದೂವರೆ ಗಂಟೆ. 15 ಫಾರಂಗೆ ಇಪ್ಪತ್ತೆರಡೂವರೆ ಗಂಟೆ. ನಿಮ್ಮ ಹತ್ತಿರ ಇರುವುದು 13 ದಿನ, 26 ಗಂಟೆ. ಅಂದರೆ ಪೂರ್ತಿ ಓದು ಒಂದೇ ಸಲ ಸಾಧ್ಯ. ಹಾಗಾಗಿ ಯಂತ್ರ ಹಿಡಿಯಬಹುದಾದ ತಪ್ಪನ್ನು ಓದುವ ಮೊದಲೇ ಯಂತ್ರದಿಂದ ಹಿಡಿಸಿ, ಕಣ್ಣನ್ನು ಉಳಿದದ್ದಕ್ಕೆ ಇಟ್ಟುಕೊಳ್ಳಿ.

ನುಡಿಯಿಂದ ಯೂನಿಕೋಡ್‌ಗೆ ಬಂದ ಪಠ್ಯದಲ್ಲಿ ತಪ್ಪುಗಳು ಗುಂಪುಗುಂಪಾಗಿ ಬರುತ್ತವೆ. ಹಳೇ ಫಾಂಟುಗಳಲ್ಲಿ 'ಮ', 'ಯ' ಅಕ್ಷರಗಳನ್ನು ತುಂಡು ಜೋಡಿಸಿ ಬರೆಯುತ್ತಿದ್ದರು. ಪರಿವರ್ತಕ ಎಡವಿದರೆ 'ಸಮಯ' ಹೋಗಿ 'ಸವುಂು' ಆಗುತ್ತದೆ. ಸೊನ್ನೆಯ ಮೇಲೆ ಕೊಂಬು ಬರುವ 'ಂು' ಸರಿಯಾದ ಕನ್ನಡದಲ್ಲಿ ಎಲ್ಲೂ ಇಲ್ಲ, ಹಾಗಾಗಿ ಅದನ್ನು ಹುಡುಕಿ ಸಿಕ್ಕಿದ್ದನ್ನೆಲ್ಲ 'ಯ' ಮಾಡಬಹುದು. ಆದರೆ 'ವು' ಇದ್ದಲ್ಲೆಲ್ಲ 'ಮ' ಅಂತ ಒಟ್ಟಿಗೆ ಬದಲಾಯಿಸಬೇಡಿ, ಹೂವು ನೋವುಗಳೆಲ್ಲ ಹೂಮ ನೋಮ ಆದಾವು. ಒಂದೊಂದೇ ನೋಡಿ.

ಎರಡನೆಯದು, ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ. 'ಬ೦ತು', 'ಬಂತು' ಕಣ್ಣಿಗೆ ಒಂದೇ. ಕಾಗದದಲ್ಲಿ ಹೇಗೋ ನಡೆಯುತ್ತದೆ, ನಾಳೆ ಇ-ಪುಸ್ತಕ ಮಾಡಿದಾಗ ಹುಡುಕಿದರೆ ಪದ ಸಿಗುವುದಿಲ್ಲ.

ಮೂರನೆಯದು 'ಆಫೀಸ್‌ನಲ್ಲಿ', 'ಬಸ್‌ಗೆ' ಥರದ ಪದಗಳು. ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ, ಅದು ಬಿದ್ದುಹೋದರೆ 'ಆಫೀಸ್ನಲ್ಲಿ', 'ಬಸ್ಗೆ' ಅಂತ ಒತ್ತು ಮೂಡುತ್ತದೆ. ಈಗಿನ ಕಾಲದ ಕತೆಯಾದರೆ ಇದು ನೂರಾರು ಕಡೆ ಇರುತ್ತದೆ. ಈ ಮೂರೂ ಹುಡುಕಾಟವನ್ನು ವರ್ಡ್ ಫೈಲಿನಲ್ಲಿ ಅಥವಾ ಪುಟ ಕಟ್ಟಿದ ಫೈಲಿನಲ್ಲಿ ಮಾಡಿ. ಕನ್ನಡ ಪಿಡಿಎಫ್‌ನಲ್ಲಿ ಹುಡುಕುವುದನ್ನು ನಂಬಬೇಡಿ. ಡಿಟಿಪಿಯವರು ಇನ್‌ಡಿಸೈನ್ ತಂತ್ರಾಂಶ ಬಳಸುತ್ತಿದ್ದರೆ ಅದರಲ್ಲಿ 'ವರ್ಲ್ಡ್ ರೆಡಿ ಕಂಪೋಸರ್' ಆನ್ ಇದೆಯೇ ಅಂತ ಕೇಳಿ. ಇಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ.

ಓದುವಾಗ ಪಕ್ಕದಲ್ಲಿ ಒಂದು ಹಾಳೆ ಇರಲಿ: ಪಾತ್ರದ ಹೆಸರು, ವಯಸ್ಸು, ಯಾರಿಗೆ ಏನಾಗಬೇಕು, ಯಾರು ಯಾರನ್ನು 'ನೀನು' ಅನ್ನುತ್ತಾರೆ, ಯಾರನ್ನು 'ನೀವು'. ಮೂರನೇ ಅಧ್ಯಾಯದಲ್ಲಿ ಚಿಕ್ಕಮ್ಮ ಆಗಿದ್ದವಳು ಹದಿನೇಳರಲ್ಲಿ ಅತ್ತೆ ಆಗುವುದು ಕಾದಂಬರಿಗಳಲ್ಲಿ ಬಹಳ ಕಾಮನ್. ತಿದ್ದುಪಡಿಯನ್ನು ದಿನಾ ಎರಡು ಪುಟ ಅಂತ ಕಳಿಸಬೇಡಿ, ಐದು ಫಾರಂ ಒಟ್ಟಿಗೆ ಕಳಿಸಿ. ನೀವು ಆರರಿಂದ ಹತ್ತು ಓದುವಷ್ಟರಲ್ಲಿ ಮೊದಲ ಐದು ತಿದ್ದಿ ಬಂದಿರುತ್ತದೆ. ವಾಪಸು ಬಂದದ್ದರಲ್ಲಿ ತಿದ್ದಿದ ಸಾಲು, ಅದರ ಮೇಲಿನ ಎರಡು, ಕೆಳಗಿನ ಎರಡು, ಅಷ್ಟು ನೋಡಿದರೆ ಸಾಕು. ಕೊನೆಯದಾಗಿ ಪುಟಸಂಖ್ಯೆ, ಅಧ್ಯಾಯದ ಅಂಕಿ, ಖಾಲಿ ಪುಟ.

ಆಪರೇಷನ್ ಜನವರಿ ಕೊನೇ ವಾರಕ್ಕೇ ಇಟ್ಟುಕೊಳ್ಳಿ. ಕಣ್ಣಿಗೆ ಹಾಕುವ ಹನಿಗಳು ಮೊದಲ ವಾರ ದಿನಕ್ಕೆ ನಾಲ್ಕಾರು ಸಲ ಇರುತ್ತವೆ, ಆಮೇಲೆ ವಾರವಾರ ಇಳಿಯುತ್ತವೆ. ಬಿಡುಗಡೆಯ ಹೊತ್ತಿಗೆ ಹಗುರ. ಫೆಬ್ರವರಿ ಎರಡನೇ ವಾರವಾದರೆ ಸಮಾರಂಭದ ಗಡಿಬಿಡಿಯೂ ಹನಿಯ ಜೋರೂ ಒಂದೇ ದಿನಗಳಲ್ಲಿ ಬೀಳುತ್ತವೆ. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಮೊದಲನೆಯದನ್ನು ಎರಡನೆಯದು ತೊಳೆದುಹಾಕುತ್ತದೆ. ಡಾಕ್ಟರ ಚೀಟಿಯ ವೇಳೆಗಳನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ, ಹಾಕಿದ ಮೇಲೆ ಗೀಟು ಹಾಕಿ. ಅವರು ಹೇಳುವವರೆಗೆ ತಲೆಗೆ ನೀರು ಬೇಡ, ಒಗ್ಗರಣೆ ಹೊಗೆ ಬೇಡ.

ಅಂದಹಾಗೆ, ಕಣ್ಣಿಗೆ ವಿಶ್ರಾಂತಿಯಲ್ಲಿರುವವರು ಒಳ್ಳೆಯ ಕೇಳುಗರು. ಸಂಭಾಷಣೆ ಹೆಚ್ಚಿರುವ ಅಧ್ಯಾಯಗಳನ್ನು ಅತ್ತೆಯವರಿಗೆ ಗಟ್ಟಿಯಾಗಿ ಓದಿ ಹೇಳಿ. ಒಂದೇ ಪದ ಎರಡು ಸಲ ಬಂದದ್ದು, ಮಾತು ಯಾರದ್ದೆಂದು ತಿಳಿಯದ್ದು ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ಮಗಳನ್ನು ಮಾತ್ರ ಕರಡಿಗೆ ಎಳೆಯಬೇಡಿ.

ಹುಬ್ಬಳ್ಳಿ ಗಿರ್ಮಿಟ್

ಅಕ್ಕಾರ, ಐಎಸ್‌ಬಿಎನ್ ಅರ್ಜಿ ಇವತ್ತ ಹಾಕ್ರಿ. ದಿಲ್ಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿ ಆನ್‌ಲೈನ್ ಒಳಗ ಕೊಡತೈತಿ, ರೊಕ್ಕ ಏನೂ ಇಲ್ಲ. ಲೇಖಕರೇ ಪ್ರಕಾಶಕರು ಅಂತ ಹಾಕಾಕ ಬರತೈತಿ. ಆದರ ವಾರಗಟ್ಟಲೆ ಹಿಡಿಯಬಹುದು, ಅದಕ್ಕ ಯಾರೋ ಮಧ್ಯದವರು ರೊಕ್ಕಕ್ಕ ಕೊಡ್ತೀನಿ ಅಂದ್ರ ತಗೋಬ್ಯಾಡ್ರಿ. ಅಂಥಾದ್ದು ಬ್ಯಾರೇ ಪ್ರಕಾಶಕರ ಹೆಸರಿನ್ಯಾಗ ಇರತೈತಿ. ನಂಬರ್ ಬಂದರ ಬಾರ್‌ಕೋಡ್ ಬಿಳೀ ಚೌಕದ ಮ್ಯಾಲೆ ಕಪ್ಪು, 30×21 ಮಿ.ಮೀ.ಗಿಂತ ಸಣ್ಣದು ಮಾಡಬ್ಯಾಡ್ರಿ, ಸ್ಕ್ಯಾನ್ ಆಗಂಗಿಲ್ಲ.

ಅಂಚೆ ವಿಷಯ ಯಾರೂ ಹೇಳಿಲ್ಲ. 2025ರ ಮೇ 1ರಿಂದ ಪುಸ್ತಕಕ್ಕ 'ಜ್ಞಾನ್ ಪೋಸ್ಟ್' ಐತಿ. 300 ಗ್ರಾಂ ತನಕ 20 ರೂಪಾಯಿ, 5 ಕೆಜಿಗೆ 100, ಮ್ಯಾಲೆ ತೆರಿಗಿ. ನಿಮ್ಮ ಪುಸ್ತಕದ ತೂಕ ನೋಡ್ರಿ: 70 ಜಿಎಸ್‌ಎಂ 120 ಎಲಿ 253 ಗ್ರಾಂ, 300 ಜಿಎಸ್‌ಎಂ ಕವರ್ 19, ಅಂಟು ಸೇರಿ 275. ಖಾಕಿ ಲಕೋಟಿಗೆ ಹಾಕಿದರ 290 ಆಗತೈತಿ, ಒಳಗ ರಟ್ಟು ಇಟ್ಟರ 300 ದಾಟತೈತಿ. 80 ಜಿಎಸ್‌ಎಂ ಕಾಗದ ತಗೊಂಡಿದ್ರ ಬರೇ ಪುಸ್ತಕನ 310. ಹಿಂಗಾಗಿ ಕಾಗದ ಆರಿಸೂಮುಂದನ ಅಂಚೆ ಖರ್ಚೂ ಆರಿಸಿದಂಗ. ಇನ್ನೊಂದು, ಪುಸ್ತಕದಾಗ ಮುದ್ರಕರು ಇಲ್ಲಾ ಪ್ರಕಾಶಕರ ಹೆಸರು ಅಚ್ಚಾಗಿರಬೇಕು, ಇಲ್ಲಂದ್ರ ಈ ದರ ಸಿಗಂಗಿಲ್ಲ.

ಬೆಂಗಳೂರಿಂದ 500 ಪ್ರತಿ ಅಂದ್ರ 137 ಕೆಜಿ. 40ರ ಕಟ್ಟು ಹಾಕಿಸ್ರಿ, ಒಂದಕ್ಕ 11 ಕೆಜಿ, ಮನಿಮಂದಿ ಎತ್ತಬಹುದು. ದಾರ ಬಿಗಿದಲ್ಲಿ ರಟ್ಟು ಇಡಸ್ರಿ, ಇಲ್ಲಂದ್ರ ಮ್ಯಾಲಿನ, ಕೆಳಗಿನ ಪುಸ್ತಕದ ಅಂಚು ಕೊಯ್ದು ಹೋಗತಾವ.

ವೇದಿಕಿ ಮ್ಯಾಲೆ ಐದು ಮಂದಿಗಿಂತ ಹೆಚ್ಚು ಕೂಡ್ರಸಬ್ಯಾಡ್ರಿ. ಕೃತಿ ಬಗ್ಗೆ ಮಾತಾಡೋರಿಗೆ ಪಿಡಿಎಫ್ ಅಲ್ಲ, ಪ್ರಿಂಟ್ ತಗದು ಹದಿನೈದು ದಿನ ಮೊದಲು ಕೊಡ್ರಿ. ಫೋನಿನ್ಯಾಗ 240 ಪುಟ ಯಾರೂ ಓದಂಗಿಲ್ಲ. ಬೆಲಿ 250 ಇಟ್ಟು ಅವತ್ತಿನ ಮಟ್ಟಿಗೆ 200ಕ್ಕ ಮಾರ್ರಿ, ಚಿಲ್ಲರಿ ತಂಟೆ ಇಲ್ಲ.

ಕೆರೆದಂಡೆ

ಎಲ್ಲರಿಗೂ ತುಂಬಾ ಧನ್ಯವಾದ. ಆಪರೇಷನ್ ಜನವರಿ 28ಕ್ಕೆ ಹೇಳಿಬಿಟ್ಟೆವು. ಫೈಲಿನಲ್ಲಿ 'ಂು' ಹುಡುಕಿದರೆ 61 ಕಡೆ ಸಿಕ್ಕಿತು! ಇನ್ನೊಂದು ಕೇಳಬೇಕು: ಐಎಸ್‌ಬಿಎನ್ ಆ ಹೊತ್ತಿಗೆ ಬಾರದಿದ್ದರೆ? ಪುಸ್ತಕ ಬಂದ ಮೇಲೆ ಮೊದಲು ಏನು ನೋಡಬೇಕು?

ಫಾರಂ ಹದಿನಾರು

ಐಎಸ್‌ಬಿಎನ್ ಇಲ್ಲದೆಯೂ ಪುಸ್ತಕ ಅಚ್ಚು ಹಾಕಬಹುದು, ಮಾರಬಹುದು. ಕವರ್ ಅಚ್ಚಿಗೆ ಹೋಗುವುದನ್ನು ಒಳಪುಟಗಳಿಗಿಂತ ನಾಲ್ಕು ದಿನ ತಡಮಾಡಿ ಕಾಯಿರಿ, ಬೈಂಡಿಂಗ್ ಹೊತ್ತಿಗೆ ಸಿಕ್ಕರೆ ಸಾಕು. ಮೊದಲ ಅರ್ಧ ಫಾರಂ ಕೂಡ ಕೊನೆಗೇ ಹೋಗಲಿ, ನಂಬರ್ ಅಲ್ಲೂ ಬೇಕಲ್ಲ.

ಕಟ್ಟು ಬಂದ ಕೂಡಲೇ ಪ್ರತಿ ಕಟ್ಟಿನಿಂದ ಎರಡು ಪ್ರತಿ ತೆಗೆಯಿರಿ. ಒಳಪುಟದ ಅರ್ಧ ಫಾರಂ ಕತೆಯ ಶುರುವಿನಲ್ಲೇ ಇದ್ದರೆ ಪುಟ 8ರಿಂದ 9ಕ್ಕೆ, ಆಮೇಲೆ 24ರಿಂದ 25ಕ್ಕೆ, 40ರಿಂದ 41ಕ್ಕೆ, ಹೀಗೆ ಹದಿನಾರು ಹದಿನಾರು ದಾಟಿ ತಿರುಗಿಸಿ. ನಿಮ್ಮ ಮೊದಲ ತುಂಡು ಅರ್ಧ ಫಾರಂ ಆಗಿರುವುದರಿಂದ ಪ್ರೆಸ್ಸಿನವರು ಒಳಪುಟದ ಅರ್ಧ ಫಾರಂ ಎಲ್ಲಿಟ್ಟಿದ್ದಾರೆ ಅಂತ ಕೇಳಿಕೊಂಡು ಆ ಗಡಿಗಳನ್ನು ಗುರುತು ಮಾಡಿಟ್ಟುಕೊಳ್ಳಿ. ಒಂದು ಫಾರಂ ಎರಡು ಸಲ ಸೇರಿ ಇನ್ನೊಂದು ಬಿಟ್ಟುಹೋಗುವುದು ಗೊತ್ತಾಗುವುದು ಅಲ್ಲೇ. ನಡುವೆ ಪೂರ್ತಿ ಬಿಡಿಸಿ ಒತ್ತಿದಾಗ ಎಲೆ ಸಡಿಲವಾದರೆ ಅಂಟು ಸರಿಯಾಗಿ ಹಿಡಿದಿಲ್ಲ, ಅವತ್ತೇ ವಾಪಸು ಕಳಿಸಿ.

ಬಿಡುಗಡೆಯಾಗಿ 30 ದಿನದೊಳಗೆ ಗ್ರಂಥಾಲಯಗಳಿಗೆ ಪುಸ್ತಕ ಒಪ್ಪಿಸುವ 1954ರ ಕಾಯ್ದೆ ಪ್ರಕಾರ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮರಾ ಗ್ರಂಥಾಲಯ, ಮುಂಬೈನ ಏಷಿಯಾಟಿಕ್ ಸೊಸೈಟಿ, ದೆಹಲಿ ಪಬ್ಲಿಕ್ ಲೈಬ್ರರಿ, ಈ ನಾಲ್ಕಕ್ಕೂ ಒಂದೊಂದು ಪ್ರತಿ ನಿಮ್ಮ ಖರ್ಚಿನಲ್ಲೇ ಹೋಗಬೇಕು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕುವ ಯೋಚನೆ ಇದ್ದರೆ ಬೆಂಗಳೂರಿನ ರಾಜ್ಯ ಕೇಂದ್ರ ಗ್ರಂಥಾಲಯದ ಕಾಪಿರೈಟ್ ವಿಭಾಗದಲ್ಲಿ ನೋಂದಣಿಯನ್ನೂ ಇದೇ ವರ್ಷ ಮುಗಿಸಿ. ಈ ಪ್ರತಿಗಳನ್ನು ಮಾರಾಟದ ಮೇಜಿಗೆ ಹೋಗುವ ಮೊದಲೇ ಎತ್ತಿಟ್ಟು, ಮೇಲೆ ವಿಳಾಸ ಬರೆದು ಅಲ್ಮೆರಾದಲ್ಲಿ ಇಡಿ.