ಅಪಘಾತದ ಕೇಸು: ತಪ್ಪೊಪ್ಪಿಕೊಂಡು ಫೈನ್ ಕಟ್ಟಿ ಮುಗಿಸಿಬಿಡ್ಲಾ?

ಪ್ರಶ್ನೆ: ನಮಸ್ಕಾರ ಮೇಡಂ. ಕಳೆದ ವಾರ ಸಿಗ್ನಲ್ ಇಲ್ಲದ ಒಂದು ಸರ್ಕಲ್‌ನಲ್ಲಿ ಕಾರನ್ನು ಬಲಕ್ಕೆ ತಿರುಗಿಸುತ್ತಿದ್ದೆ, ಇಂಡಿಕೇಟರ್ ಹಾಕಿದ್ದೆ. ಎದುರಿನಿಂದ ಬಂದ ಬೈಕ್ ನನ್ನ ಕಾರಿನ ಎಡಗಡೆ ಹಿಂದಿನ ಬಾಗಿಲಿಗೆ ಗುದ್ದಿತು. ಸವಾರನ ಮಣಿಕಟ್ಟಿನ ಮೂಳೆ ಮುರಿದಿದೆ. ನಾನೇ ಆಸ್ಪತ್ರೆಗೆ ಸೇರಿಸಿ, ಸ್ಟೇಷನ್‌ಗೂ ಹೋಗಿ ತಿಳಿಸಿದೆ. ಆದರೂ ನನ್ನ ಮೇಲೇ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 281, 125(ಬಿ) ಸೆಕ್ಷನ್ ಹಾಕಿ ಎಫ್‌ಐಆರ್ ಮಾಡಿದ್ದಾರೆ. ಡಿಎಲ್, ಇನ್ಶೂರೆನ್ಸ್ ಎಲ್ಲ ಸರಿಯಾಗಿವೆ. ತಪ್ಪೊಪ್ಪಿಕೊಂಡರೆ ಒಂದೇ ದಿನದಲ್ಲಿ ಫೈನ್ ಕಟ್ಟಿ ಮುಗಿಯುತ್ತೆ ಅಂತ ಎಲ್ಲರೂ ಹೇಳ್ತಿದ್ದಾರೆ. ನಾನು ಸರ್ಕಾರಿ ಕೆಲಸಕ್ಕೆ ಪರೀಕ್ಷೆ ಬರೆದಿದ್ದೇನೆ. ಜೈಲಾಗುತ್ತಾ?

ವಕೀಲರ ಉತ್ತರ: ಮೊದಲು ಜೈಲಿನ ಭಯ ಬಿಡಿ. ಎರಡೂ ಜಾಮೀನು ಸಿಗುವ ಅಪರಾಧಗಳು, ಸ್ಟೇಷನ್‌ನಲ್ಲೇ ಬೇಲ್ ಕೊಡುತ್ತಾರೆ. ಶ್ಯೂರಿಟಿಗೆ ಒಬ್ಬರನ್ನು ಕರೆದುಕೊಂಡು ಹೋಗಿ. 281 ಅಂದರೆ ಹಳೆಯ ಐಪಿಸಿ 279, ಅಜಾಗರೂಕ ಚಾಲನೆ. ಆರು ತಿಂಗಳವರೆಗೆ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 125(ಬಿ) ಅಂದರೆ ಅಜಾಗರೂಕತೆಯಿಂದ ತೀವ್ರ ಗಾಯ ಮಾಡಿದ್ದು. ಅದಕ್ಕೆ ಮೂರು ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೂಳೆ ಮುರಿದರೆ ಕಾನೂನಿನ ಲೆಕ್ಕದಲ್ಲಿ ಅದು ತೀವ್ರ ಗಾಯ. ಅದಕ್ಕೇ (ಬಿ) ಬಂದಿದೆ, ಪೊಲೀಸರಿಗೆ ನಿಮ್ಮ ಮೇಲೆ ದ್ವೇಷ ಅಂತಲ್ಲ.

ಇನ್ನು ತಪ್ಪೊಪ್ಪಿಕೊಳ್ಳುವ ವಿಷಯ. ನಿಮಗೆ ಸಲಹೆ ಕೊಟ್ಟವರು ಅರ್ಧ ಮಾತ್ರ ಹೇಳಿದ್ದಾರೆ. ಒಂದೇ ದಿನದಲ್ಲಿ ಮುಗಿಯಬಹುದು, ನಿಜ. ಆದರೆ ಅದು ಬರೀ ಫೈನ್ ಅಲ್ಲ, ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆಯಾದ ಹಾಗೆ. ಚಲನ್ ಕಟ್ಟಿದಂತೆ ಅಂದುಕೊಂಡು ಎಷ್ಟೋ ಜನ ತಲೆಯಾಡಿಸಿ ಬರುತ್ತಾರೆ, ಆಮೇಲೆ ಪೊಲೀಸ್ ವೆರಿಫಿಕೇಶನ್ ಫಾರಂ ಕೈಗೆ ಬಂದಾಗ ನಮ್ಮ ಆಫೀಸಿಗೆ ಓಡಿ ಬರುತ್ತಾರೆ. ಡಿಎಲ್ ಮೇಲೆ ಅನರ್ಹತೆ ಹೇರುವ ಅಧಿಕಾರವೂ ಕೋರ್ಟಿಗಿದೆ. ಗಾಯಾಳು ಪರಿಹಾರ ಕೇಳಿ ಹಾಕುವ ಕೇಸಿನಲ್ಲೂ ನಿಮ್ಮ ತಪ್ಪೊಪ್ಪಿಗೆಯನ್ನೇ ತೆಗೆದು ತೋರಿಸುತ್ತಾರೆ. ಸರ್ಕಾರಿ ಕೆಲಸದ ಆಸೆ ಇರುವವರು ಸಾಕ್ಷ್ಯ ಏನಿದೆ ಅಂತ ನೋಡದೆ ಈ ದಾರಿ ಹಿಡಿಯಲೇಬಾರದು.

ನಿಮ್ಮ ಕೇಸಿನಲ್ಲಿ ನನಗೆ ಮುಖ್ಯ ಅನಿಸಿದ್ದು ಗುದ್ದಿದ ಜಾಗ. ಹಿಂದಿನ ಬಾಗಿಲಿಗೆ ಪೆಟ್ಟು ಬಿದ್ದಿದೆ ಅಂದರೆ ಕಾರು ಬಹುಪಾಲು ತಿರುಗಿ ಆಗಿತ್ತು ಅಂತ ವಾದ ಮಾಡಬಹುದು. ಹಾಗಂತ ಇದೇ ನಿಮ್ಮನ್ನು ಉಳಿಸುತ್ತೆ ಅಂತ ಹೇಳಲ್ಲ. ಬಲಕ್ಕೆ ತಿರುಗುವವರು ಎದುರಿನ ವಾಹನಕ್ಕೆ ದಾರಿ ಬಿಡಬೇಕಿತ್ತು ಅಂತ ಎದುರು ಪಕ್ಷದವರು ಹೇಳುತ್ತಾರೆ, ಅದರಲ್ಲೂ ಹುರುಳಿದೆ. ಹಾಗಾಗಿ ಬ್ರೇಕ್ ಇನ್‌ಸ್ಪೆಕ್ಟರ್ (ಆರ್‌ಟಿಒದ ವಾಹನ ತಪಾಸಕರು) ಕೊಡುವ ವಾಹನ ತಪಾಸಣೆ ವರದಿ, ಸ್ಥಳದ ಮಹಜರು (ಪೊಲೀಸರು ಜಾಗ ನೋಡಿ ಬರೆಯುವ ದಾಖಲೆ) ಮತ್ತು ಸ್ಕೆಚ್ ಈ ಮೂರೂ ಹೊಂದುತ್ತವಾ ನೋಡಬೇಕು. ಸ್ಕೆಚ್‌ನಲ್ಲಿ ಕಾರು ಒಂದು ಕಡೆ, ವರದಿಯಲ್ಲಿ ಪೆಟ್ಟು ಇನ್ನೊಂದು ಕಡೆ ಇರುವ ಕೇಸುಗಳು ಬೇಕಾದಷ್ಟಿವೆ.

ಈ ವಾರವೇ ಮಾಡಬೇಕಾದ ಕೆಲಸ ಸಿಸಿಟಿವಿ. ಅಂಗಡಿಗಳ ಕ್ಯಾಮೆರಾದಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ರೆಕಾರ್ಡ್ ಆಗುತ್ತಾ ಹೋಗುತ್ತದೆ. ಯಾವ ಕ್ಯಾಮೆರಾ, ಎಷ್ಟು ಗಂಟೆ ಅಂತ ಬರೆದು, ಅದನ್ನು ವಶಕ್ಕೆ ಪಡೆಯಿರಿ ಅಂತ ತನಿಖಾಧಿಕಾರಿಗೆ ಅರ್ಜಿ ಕೊಡಿ. ಸೀಲು ಹಾಕಿಸಿಕೊಂಡ ಪ್ರತಿ ನಿಮ್ಮ ಹತ್ತಿರ ಇರಲಿ. ಡ್ಯಾಶ್‌ಕ್ಯಾಮ್ ಇದ್ದರೆ ಮೆಮೊರಿ ಕಾರ್ಡ್ ತೆಗೆದು ಹಾಗೇ ಇಡಿ. ವಾಟ್ಸಾಪ್‌ನಲ್ಲಿ ಕಳಿಸಿದ ತುಣುಕು ಸಾಲದು, ಕೋರ್ಟಿಗೆ ಆ ದೃಶ್ಯ ಅಸಲಿ ಅನ್ನುವ ಪ್ರಮಾಣಪತ್ರದ ಜೊತೆ ಕೊಡಬೇಕಾಗುತ್ತದೆ.

ಸದಸ್ಯರೊಬ್ಬರು: ದೊಡ್ಡ ಗಾಡಿಯದ್ದೇ ತಪ್ಪು ಅಂತ ಕಾನೂನೇ ಇದೆ ಅಲ್ವಾ ಮೇಡಂ?

ವಕೀಲರು: ಇಲ್ಲ ಸರ್. ಅದು ರಸ್ತೆಯಲ್ಲಿ ಗುಂಪು ಸೇರಿದಾಗ ಹುಟ್ಟುವ ಕಾನೂನು. ಕೋರ್ಟಿನಲ್ಲಿ ಅಜಾಗರೂಕತೆಯನ್ನು ಸರ್ಕಾರದ ಕಡೆಯವರೇ ಸಾಬೀತು ಮಾಡಬೇಕು. ಕರ್ನಾಟಕ ರಾಜ್ಯ ಮತ್ತು ಸತೀಶ್ ಪ್ರಕರಣದಲ್ಲಿ 1998ರಲ್ಲೇ ಸುಪ್ರೀಂ ಕೋರ್ಟ್, "ಜೋರಾಗಿ ಬರುತ್ತಿದ್ದ" ಅಂದ ಮಾತ್ರಕ್ಕೆ ಅಜಾಗರೂಕತೆ ಸಾಬೀತಾಗಲ್ಲ ಅಂತ ಹೇಳಿದೆ. ಆದರೆ ಪರಿಹಾರದ ಕೇಸಿಗೆ ಇಷ್ಟು ಗಟ್ಟಿ ಪುರಾವೆ ಬೇಕಿಲ್ಲ. ಕ್ರಿಮಿನಲ್ ಕೇಸಿನಲ್ಲಿ ಬಿಡುಗಡೆಯಾದರೂ ಅಲ್ಲಿ ಪರಿಹಾರದ ಆದೇಶ ಬರಬಹುದು.

ಪ್ರಶ್ನೆ ಕೇಳಿದವರು: ನಾಳೆ ಹೇಳಿಕೆಗೆ ಬನ್ನಿ ಅಂತ ನೋಟಿಸ್ ಬಂದಿದೆ. ಹೋಗದಿದ್ದರೆ? ಸವಾರನ ಮನೆಯವರು ಒಂದಿಷ್ಟು ದುಡ್ಡು ಕೊಟ್ಟರೆ ಕೇಸು ವಾಪಸ್ ತಗೋತೀವಿ ಅಂತಿದ್ದಾರೆ.

ವಕೀಲರು: ಹೋಗಲೇಬೇಕು. ನೋಟಿಸಿನ ಪ್ರಕಾರ ಹಾಜರಾಗುತ್ತಿದ್ದರೆ ಸಾಮಾನ್ಯವಾಗಿ ಬಂಧಿಸುವಂತಿಲ್ಲ, ತಪ್ಪಿಸಿಕೊಂಡರೆ ಆ ರಕ್ಷಣೆ ಹೋಗುತ್ತದೆ. ನಡೆದದ್ದನ್ನು ಚಿಕ್ಕದಾಗಿ ಹೇಳಿ. "ನನ್ನದೇ ತಪ್ಪು, ನೋಡಲಿಲ್ಲ" ಅಂತ ಸುಮ್ನೆ ಸೌಜನ್ಯಕ್ಕೆ ಹೇಳಬೇಡಿ. ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳಬೇಕು ಅಂತ ಯಾರೂ ಬಲವಂತ ಮಾಡುವಂತಿಲ್ಲ. ಹೇಳಿಕೆಗೆ ಸಹಿ ಹಾಕಬೇಕಾಗಿಯೂ ಇಲ್ಲ. ಖಾಲಿ ಹಾಳೆಗಂತೂ ಹಾಕಲೇಬೇಡಿ. ತಪಾಸಣೆಗೆ ಒಯ್ದ ಕಾರನ್ನು ಆ ಕೆಲಸ ಮುಗಿದ ಮೇಲೆ 24 ಗಂಟೆಯೊಳಗೆ ವಾಪಸ್ ಕೊಡಬೇಕು ಅಂತ ಮೋಟಾರು ವಾಹನ ಕಾಯ್ದೆಯ 136ನೇ ಸೆಕ್ಷನ್ ಹೇಳುತ್ತದೆ. ಅದನ್ನೂ ಅಲ್ಲೇ ಕೇಳಿ.

ದುಡ್ಡಿನ ವಿಷಯ ಸ್ವಲ್ಪ ನಿಧಾನ. ಮನೆಯಲ್ಲಿ ಕೂತು ಬರೆದ ರಾಜಿ ಪತ್ರದಿಂದ ಪೊಲೀಸ್ ಕೇಸು ಮುಗಿಯಲ್ಲ. 125(ಬಿ)ಯನ್ನು ಗಾಯಾಳು ಕೋರ್ಟಿನ ಅನುಮತಿ ಪಡೆದು ರಾಜಿ ಮಾಡಿಕೊಳ್ಳಬಹುದು. 281ಕ್ಕೆ ಆ ಅವಕಾಶ ಇಲ್ಲ, ಅದನ್ನು ರದ್ದು ಮಾಡಿಸಲು ಹೈಕೋರ್ಟಿಗೆ ಅರ್ಜಿ ಹಾಕಬೇಕು. ನಿಮ್ಮ ಪಾಲಿಸಿ ಚಾಲ್ತಿಯಲ್ಲಿದೆ, ಹಾಗಾಗಿ ಪರಿಹಾರ ಕೊಡುವ ಹೊಣೆ ಮುಖ್ಯವಾಗಿ ಇನ್ಶೂರೆನ್ಸ್ ಕಂಪನಿಯದ್ದು. ಅವರಿಗೆ ಬರಹದಲ್ಲಿ ತಿಳಿಸಿದ್ದೀರಾ? ಇಲ್ಲದಿದ್ದರೆ ಇವತ್ತೇ ಕಳಿಸಿ. ಅವರನ್ನು ಕೇಳದೆ ಯಾರಿಗೂ ಮೊತ್ತದ ಮಾತು ಕೊಡಬೇಡಿ. ಆಸ್ಪತ್ರೆಗೆ ಹೋಗಿ ಹೇಗಿದ್ದೀರಿ ಅಂತ ವಿಚಾರಿಸುವುದು ಬೇರೆ, ಅದನ್ನು ಧಾರಾಳವಾಗಿ ಮಾಡಿ.

ಪ್ರಶ್ನೆ ಕೇಳಿದವರು: ಕೆಲಸದ ಫಾರಂನಲ್ಲಿ ಕೇಸ್ ಇದೆಯಾ ಅಂತ ಕೇಳಿದರೆ ಏನು ಬರೆಯಲಿ?

ವಕೀಲರು: ಇದೆ ಅಂತಲೇ ಬರೆಯಿರಿ. ಎಫ್‌ಐಆರ್ ನಂಬರ್, ಸೆಕ್ಷನ್, ಈಗ ಯಾವ ಹಂತದಲ್ಲಿದೆ ಎಲ್ಲ ಹಾಕಿ. ಇಂಥ ಕೇಸು ಬಾಕಿ ಇದ್ದರೂ ಕೆಲಸ ಸಿಕ್ಕವರಿದ್ದಾರೆ. ಮುಚ್ಚಿಟ್ಟಿದ್ದು ಆಮೇಲೆ ಗೊತ್ತಾದರೆ ಅದೊಂದೇ ಕಾರಣಕ್ಕೆ ಕೆಲಸದಿಂದ ತೆಗೆಯಬಹುದು. ನಾಳೆ ಸ್ಟೇಷನ್‌ಗೆ ಹೋಗುವಾಗ ಎಫ್‌ಐಆರ್ ಪ್ರತಿ ಮತ್ತು ನೋಟಿಸನ್ನು ನಿಮ್ಮ ಊರಿನ ವಕೀಲರೊಬ್ಬರಿಗೆ ತೋರಿಸಿಯೇ ಹೋಗಿ.