ಆಗಸ್ಟ್ 15ರ ಭಾಷಣ: ಮಗಳು ‘ದೇಶಬಾಂಧವರೇ’ ಅನ್ನಬೇಕಾ?

ಹುಬ್ಬಳ್ಳಿ–ನ್ಯೂಜೆರ್ಸಿ:
ಎಲ್ಲರಿಗೂ ನಮಸ್ಕಾರ. ರಜೆಗೆ ಧಾರವಾಡಕ್ಕೆ ಹೊರಟಿದ್ದೇವೆ. ಆಗಸ್ಟ್ 15ಕ್ಕೆ ಮಾವನವರ ಓಣಿಯಲ್ಲಿ ಧ್ವಜ ಏರಿಸುತ್ತಾರೆ. ಮೊಮ್ಮಗಳು ನಾಲ್ಕು ಮಾತಾಡಲಿ ಅಂತ ಅವರ ಆಸೆ. ಭಾಷಣ ತಾವೇ ಬರೆದು ಕಳಿಸಿದ್ದಾರೆ, ಶುರುವೇ ‘ನನ್ನ ದೇಶಬಾಂಧವರೇ’. ಮಗಳು ಹುಟ್ಟಿದ್ದು ಇಲ್ಲಿ ಅಮೆರಿಕದಲ್ಲಿ, ಪಾಸ್‌ಪೋರ್ಟೂ ಇಲ್ಲಿಯದು. ‘ಅದು ನನ್ನ ದೇಶ ಅಲ್ಲ, ಸುಳ್ಳು ಹೇಳಲ್ಲ’ ಅಂತ ಹಟ ಹಿಡಿದಿದ್ದಾಳೆ. ಮಾವನವರಿಗೆ ಹೇಗೆ ಹೇಳಲಿ? ಬೇರೆ ಪದ ಇದೆಯಾ?

ಗದಗ–ಡಲ್ಲಾಸ್:
ಒಸಿಐ ಮಾಡಿಸಿದ್ದೀರಲ್ಲ ಅಕ್ಕಾ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡೋ ‘ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ’ ಕಾರ್ಡ್? ಅದರ ಹೆಸರಲ್ಲೇ ಸಿಟಿಜನ್ ಇದೆ. ಮುಗೀತು.

ಧಾರವಾಡ–ಲೀಡ್ಸ್:
ಮುಗಿಯಲಿಲ್ಲ ಸರ. ಹೆಸರಲ್ಲಿ ಇದ್ದರೂ ಅದು ಪೌರತ್ವ ಅಲ್ಲ. ಭಾರತದಲ್ಲಿ ಎರಡು ಪೌರತ್ವಕ್ಕೆ ಜಾಗ ಇಲ್ಲ. ಒಸಿಐನವರಿಗೆ ಮತ ಇಲ್ಲ, ಹೊಲ ಕೊಳ್ಳುವ ಹಾಗಿಲ್ಲ. ಹಾಗಾಗಿ ‘ಸಹನಾಗರಿಕರೇ’ ಅಂದರೆ ಹುಡುಗಿಯ ಮಟ್ಟಿಗೆ ತಪ್ಪೇ. ‘ದೇಶಬಾಂಧವರು’ ಕಾನೂನಿನ ಪದ ಅಲ್ಲ. ಬಾಂಧವರು ಅಂದರೆ ನೆಂಟರು, ಅಷ್ಟರ ಮಟ್ಟಿಗೆ ನಡೆಯುತ್ತದೆ. ಆದರೆ ಒಂದೇ ದೇಶದವರು ಅನ್ನುವ ಅರ್ಥ ಒಳಗೆ ಇದ್ದೇ ಇದೆ. ಅವಳ ತಕರಾರು ಸುಮ್ನೆ ಅಲ್ಲ. ‘ಓಣಿಯ ಹಿರಿಯರೇ, ನನ್ನ ಅಕ್ಕ ಅಣ್ಣಂದಿರೇ’ ಅಂತ ಶುರು ಮಾಡಲಿ. ಅಜ್ಜನವರಿಗೂ ಬೇಜಾರಾಗಲ್ಲ.

ಹಾವೇರಿ–ಮೆಲ್ಬರ್ನ್:
ಹೊಲದ ಮಾತು ಬಂತು ಅಂತ ಕೇಳ್ತೀನಿ. ಬ್ಯಾಡಗಿ ಹತ್ತಿರ ಅಪ್ಪನ ಹೊಲ ಇದೆ. ನಾನು ಈಗ ಆಸ್ಟ್ರೇಲಿಯಾ ಪೌರ. ನನಗೆ ಬರುತ್ತದಾ?

ಧಾರವಾಡ–ಲೀಡ್ಸ್:
ವಾರಸಾದಲ್ಲಿ ಬರುತ್ತದೆ. ಹೊಸದಾಗಿ ಕೊಳ್ಳೋಕೆ ಆಗಲ್ಲ. ಮಾರುವುದಾದರೆ ಭಾರತದಲ್ಲೇ ಇರುವ ಭಾರತದ ಪೌರರಿಗೆ ಮಾತ್ರ.

ಹುಬ್ಬಳ್ಳಿ–ಹ್ಯೂಸ್ಟನ್:
ಏನ್ರೀ ಇದು! ಅಜ್ಜ ಪ್ರೀತಿಯಿಂದ ಬರೆದಿದ್ದಾರೆ, ಕಾನೂನು ನೋಡ್ತಾ ಕೂತಿದ್ದೀರಿ. 1893ರಲ್ಲಿ ಶಿಕಾಗೋದಲ್ಲಿ ವಿವೇಕಾನಂದರು ಅಮೆರಿಕದವರನ್ನೇ ಸಹೋದರ ಸಹೋದರಿಯರೇ ಅಂದರು. ಪಾಸ್‌ಪೋರ್ಟ್ ನೋಡಿ ಕರೆದರಾ? ನನ್ನ ಮಕ್ಕಳೂ ಇಲ್ಲೇ ಹುಟ್ಟಿದವರು. ಮನೆಯಲ್ಲಿ ಇಂಗ್ಲಿಷ್ ಬಂದ್ ಮಾಡಿದೆ. ಇವತ್ತಿಗೂ ಹುಬ್ಬಳ್ಳಿಗೆ ಫೋನ್ ಹಚ್ಚಿದರೆ ಅಜ್ಜಿ ಹತ್ತಿರ ಕನ್ನಡವೇ. ಎಲ್ಲಾ ಬೆಳೆಸೋದರಲ್ಲಿ ಇದೆ.

ಗದಗ–ಡಲ್ಲಾಸ್:
ಸೂಪರ್ ಸರ. ಇದೇ ಬೇಕಿತ್ತು.

ಧಾರವಾಡ–ಲೀಡ್ಸ್:
ಅವರು ಸಹೋದರರೇ ಅಂದರು ಕಾಕಾ, ನನ್ನ ದೇಶದವರೇ ಅನ್ನಲಿಲ್ಲ. ಹುಡುಗಿ ಕೇಳ್ತಿರೋದೂ ಅದೇ ಅಲ್ವಾ?

ಹುಬ್ಬಳ್ಳಿ–ಹ್ಯೂಸ್ಟನ್:
ವಾದ ಬ್ಯಾಡ್ರಿ. ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ ಗಾಂಧೀಜಿ ಜೊತೆ ದಂಡಿಗೆ ನಡೆದರು. 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಕೊಟ್ಟರು. ಬಾಂಧವರು ಯಾರು ಅಂತ ಲೆಕ್ಕ ಹಾಕಿದರಾ? ಮಗಳನ್ನು ಹುಬ್ಬಳ್ಳಿಯ ಬೆಂಗೇರಿಗೆ ಕರ್ಕೊಂಡು ಹೋಗಿ, ರಾಷ್ಟ್ರಧ್ವಜ ಹೊಲಿಯೋದನ್ನ ತೋರಿಸಿ. ಹಟ ತಾನೇ ಇಳಿಯುತ್ತದೆ.

ನವಲಗುಂದ–ಟೊರಾಂಟೊ:
ಬೆಂಗೇರಿ ತೋರಿಸಿ, ಒಳ್ಳೇದೇ. ಬಾವುಟದ ಬಟ್ಟೆ ನೇಯುವ ಗರಗವೂ ಧಾರವಾಡಕ್ಕೆ ಹತ್ತಿರವೇ. ಆದರೆ ಹಟ ಇಳಿಸೋದು ಯಾಕೆ? ನನ್ನ ಮಗ ಅವ್ವನ ಫೋನ್‌ಗೆ ಹಾಯ್ ಅಂದು ಎದ್ದು ಹೋಗ್ತಾನೆ. ‘ಅವನಿಗೆ ನನ್ನ ಮಾತು ತಿಳಿಯಂಗಿಲ್ಲೇನು’ ಅಂತ ಅವ್ವ ಕೇಳ್ತಾಳೆ. ಸಣ್ಣವನಿದ್ದಾಗ ಕಲಿಸಲಿಲ್ಲ, ಕೆಲಸ ಕೆಲಸ ಅಂತ ಹೋಯಿತು. ನಿಮ್ಮ ಮಗಳು ಕನ್ನಡದ ಪದ ಹಿಡಿದು ಜಗಳ ಆಡ್ತಾಳೆ, ಆಡಲಿ ಬಿಡಿ.

ಗದಗ–ಡಲ್ಲಾಸ್:
ಹ್ಯೂಸ್ಟನ್ ಸರ, ಇಂಗ್ಲಿಷ್ ಬಂದ್ ಮಾಡಿದ್ದು ಯಾವ ವಯಸ್ಸಿಂದ? ನಮ್ಮ ಮನೆಯಲ್ಲೂ ಮಾಡ್ತೀವಿ.

ಹುಬ್ಬಳ್ಳಿ–ನ್ಯೂಜೆರ್ಸಿ:
ಲೀಡ್ಸ್ ಅಣ್ಣ ಹೇಳಿದ ಸಾಲನ್ನು ಮಾವನವರಿಗೆ ಕಳಿಸಿದೆ. ‘ನೋಡೋಣ’ ಅಂದಿದ್ದಾರೆ.

ಹಾವೇರಿ–ಮೆಲ್ಬರ್ನ್:
ಲೀಡ್ಸ್ ಸರ, ಹೊಲದ ಪಹಣಿ ಉತಾರದಲ್ಲಿ ಹೆಸರು ಏರಿಸೋಕೆ ನಾನೇ ಬರಬೇಕಾ, ತಮ್ಮನಿಗೆ ಪವರ್ ಆಫ್ ಅಟಾರ್ನಿ ಕೊಟ್ಟರೆ ನಡೆಯುತ್ತದಾ?