‘ಲರ್ನಿಂಗ್ ಕರ್ವ್’ಗೆ ‘ಪಳಗು’ ಒಗ್ಗೀತೇ?

ಎಲ್ಲರಿಗೂ ನಮಸ್ಕಾರ.

ಉಡುಪಿ ಹತ್ತಿರದ ಒಂದು ಗೇರುಬೀಜ ಕಾರ್ಖಾನೆಗೆ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಯಾವ ತಿಂಗಳು ಎಷ್ಟು ಜನ ಬೇಕು ಅನ್ನುವ ಲೆಕ್ಕ. ಅದರಲ್ಲಿ ‘ಲರ್ನಿಂಗ್ ಕರ್ವ್’ ಅನ್ನುವಲ್ಲಿ ಸಿಕ್ಕಿಬಿದ್ದೆ. ಕೆಲಸ ಮಾಡುತ್ತಾ ಮಾಡುತ್ತಾ ಕೈ ಹೇಗೆ ಚುರುಕಾಗುತ್ತದೆ ಅಂತ ತೋರಿಸುವ ಗೆರೆ ಅದು. ‘ಕಲಿಕಾ ವಕ್ರರೇಖೆ’ ಅಂತ ಬರೆದು ಅಲ್ಲಿನ ಸೂಪರ್‌ವೈಸರ್ ಅಕ್ಕನಿಗೆ ಓದಿದೆ. “ವಕ್ರ ಯಾರದ್ದು?” ಅಂದರು.

ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ದೀಪಾವಳಿಗೆ ಎಷ್ಟು ಆರ್ಡರ್ ಬರುತ್ತದೆ ಅಂತ ಆಟಿ ತಿಂಗಳ ಮಳೆಗಾಲದಲ್ಲೇ ಯಾರು ಹೇಳಬಲ್ಲರು? ಬಂದ ಮೇಲೆ ಜನ ಸೇರಿಸಿದರೆ ಹೊಸಬರ ಕೈಯಲ್ಲಿ ಬೀಜ ತುಂಡಾಗುತ್ತದೆ. ಇಡಿ ಬೀಜದ ರೇಟು ತುಂಡಿಗೆ ಎಲ್ಲಿದೆ? ಮೊದಲೇ ಸೇರಿಸಿ ಆರ್ಡರ್ ಬಾರದಿದ್ದರೆ ಸುಮ್ನೆ ಕೂಲಿ. ನನ್ನ ಪಟ್ಟಿ ನೋಡಿ ಅವರು, “ಇಪ್ಪತ್ತು ಜನ ಅಂತ ಬರೆಯುವುದು ಬೇಡ ಮಾರಾಯ್ರೆ, ಪಳಗಿದ ಕೈ ಹನ್ನೆರಡೇ ಇರುವುದು” ಅಂದರು. ನನಗೆ ಪದ ಸಿಕ್ಕಿದ್ದು ಅಲ್ಲೇ.

1936ರಲ್ಲಿ ಅಮೆರಿಕದ ಎಂಜಿನಿಯರ್ ಟಿ. ಪಿ. ರೈಟ್ ವಿಮಾನ ತಯಾರಿಕೆಯಲ್ಲಿ ಕಂಡದ್ದೂ ಇದನ್ನೇ. ಕಟ್ಟಿದ ಒಟ್ಟು ವಿಮಾನಗಳು ಇಮ್ಮಡಿಯಾದಾಗೆಲ್ಲ ಒಂದಕ್ಕೆ ತಗಲುವ ದುಡಿಮೆ ಸುಮಾರು ಶೇ. 80ಕ್ಕೆ ಇಳಿಯುತ್ತದೆ. 100 ಗಂಟೆ 80 ಆಗಿ, ಮತ್ತೆ 64. ಇದಕ್ಕೆ ‘ಪಳಗುಗೆರೆ’ ಅಂದರೆ ಹೇಗೆ? ‘ಪಳಗಿದ ಆನೆ’ ನೆನಪಾಗಿ ಯಾರಾದರೂ ನಗಬಹುದು, ಆದರೂ ‘ವಕ್ರ’ಕ್ಕಿಂತ ವಾಸಿ ಅಲ್ವಾ?

ಇನ್ನೊಂದು ತೊಡಕು. ‘ಸ್ಟೀಪ್ ಲರ್ನಿಂಗ್ ಕರ್ವ್’ ಅಂದರೆ ಜನ ‘ಕಲಿಯೋದು ಕಷ್ಟ’ ಅಂತಲೇ ತಿಳಿಯುತ್ತಾರೆ. ಆದರೆ ದಿನ ಕಳೆದಂತೆ ಕಲಿತದ್ದೆಷ್ಟು ಅಂತ ಗೆರೆ ಎಳೆದರೆ, ಕಡಿದಾದ ಏರು ಬೇಗ ಕಲಿತವರದ್ದು. ಹಾಗಾಗಿ ‘ಕಡಿದಾದ’ವನ್ನು ಬಿಟ್ಟು ‘ಬೇಗ ಪಳಗುವ’, ‘ತಡವಾಗಿ ಪಳಗುವ’ ಅಂತ ಬರೆದಿದ್ದೇನೆ.

ನಾಲ್ಕು ತಿಂಗಳು ಮನೆಯಲ್ಲಿ ಕೂತು ವಾಪಸ್ ಬಂದವರ ಕೈ ಮೊದಲಿನಂತೆ ಓಡುವುದಿಲ್ಲ. ಲೆಕ್ಕದಲ್ಲಿ ಅದಕ್ಕೂ ಒಂದು ಹೆಸರು ಬೇಕು. ‘ಮರೆವು’ ಸರಿ ಕಾಣಲಿಲ್ಲ, ಅವರೇನೂ ಮರೆತಿಲ್ಲ. ಸದ್ಯಕ್ಕೆ ‘ರೂಢಿ ತಪ್ಪು’ ಅಂತ ಇಟ್ಟಿದ್ದೇನೆ. ನಿಮ್ಮ ಕಡೆ ನೇಕಾರರು, ಬಡಗಿಗಳು ಇದಕ್ಕೆ ಏನನ್ನುತ್ತಾರೆ?

ಕೊನೆಗೆ ನನ್ನದೇ ಕುತೂಹಲ. ಹಳಗನ್ನಡದ ‘ಪ’ ಮುಂದೆ ‘ಹ’ ಆಗಿ ಪಾಲು ಹಾಲಾಯಿತು, ಪೂವು ಹೂವಾಯಿತು. ಪಳಗು ಮಾತ್ರ ‘ಹಳಗು’ ಆಗದೆ ಉಳಿದದ್ದು ಹೇಗೆ?